ಮಂಚದ ಕೆಳಗಿನ ಅತಿಥಿ

ಭಾನುವಾರ ಸಂಜೆ ಬೆಕ್ಕು ಮನೆಗೆ ಬರುತ್ತದೆ. ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ. ಮಕ್ಕಳು ಹಾಲಿನ ಬಟ್ಟಲು ತೊಳೆದಿಟ್ಟು ಕಾದಿದ್ದಾರೆ. ಹೆಸರು ಯಾವುದೆಂಬ ಜಗಳವೂ ಮಧ್ಯಾಹ್ನವೇ ಮುಗಿದಿದೆ. ಪಕ್ಕದ ಮನೆಯವರು ನೋಡಲು ಬಂದು ನಿಂತಿದ್ದಾರೆ. ನಡುಮನೆಯಲ್ಲಿ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದದ್ದೇ ತಡ, ಬೂದು ಬಣ್ಣದ ಏನೋ ಒಂದು ಎಲ್ಲರ ಕಾಲುಗಳ ನಡುವೆ ನುಸುಳಿ, ಮಂಚದ ಕೆಳಗೆ ನುಗ್ಗಿ, ಟ್ರಂಕುಗಳ ಹಿಂದಿನ ಸಂದಿಯಲ್ಲಿ ಮಾಯವಾಗುತ್ತದೆ. ಒಬ್ಬರು ಟಾರ್ಚ್ ಬಿಡುತ್ತಾರೆ. ಇನ್ನೊಬ್ಬರು ಪೊರಕೆಯ ಹಿಡಿಯಿಂದ ಮೆಲ್ಲಗೆ ತಳ್ಳಿ ನೋಡುತ್ತಾರೆ. ಒಳಗಿನಿಂದ 'ಹಿಸ್ಸ್' ಎಂಬ ಉತ್ತರ ಬರುತ್ತದೆ. ಇಟ್ಟ ಹಾಲು ರಾತ್ರಿಯಿಡೀ ಹಾಗೇ ಇದ್ದು ಬೆಳಿಗ್ಗೆ ಕೆನೆಗಟ್ಟಿರುತ್ತದೆ. ಮೂರನೆಯ ದಿನ ಮನೆಯ ಯಜಮಾನರು ತೀರ್ಪು ಕೊಟ್ಟುಬಿಡುತ್ತಾರೆ: 'ಇದಕ್ಕೆ ನಮ್ಮನ್ನು ಕಂಡರೆ ಆಗುವುದಿಲ್ಲ. ಎಲ್ಲಿಂದ ತಂದೆವೋ ಅಲ್ಲಿಗೇ ಬಿಟ್ಟು ಬರೋಣ.'

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಬೆಕ್ಕು ತಂದ ಬಹುಪಾಲು ಮನೆಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಹಿಂದೆ ಹಳ್ಳಿಗಳಲ್ಲಿ ನೆರೆಮನೆಯ ಬೆಕ್ಕು ಮರಿ ಹಾಕಿದಾಗ ಒಂದನ್ನು ಕೇಳಿ ತರುತ್ತಿದ್ದರು. ಈಗ ಪೇಟೆಗಳಲ್ಲಿ ಪ್ರಾಣಿದಯಾ ಸಂಸ್ಥೆಗಳಿಂದ ದತ್ತು ತರುವವರಿದ್ದಾರೆ, ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಎತ್ತಿಕೊಂಡು ಬರುವವರಿದ್ದಾರೆ. ತಂದ ರೀತಿ ಯಾವುದೇ ಇರಲಿ, ಮೊದಲ ವಾರದಲ್ಲಿ ಆಗುವ ತಪ್ಪುಗಳು ಮಾತ್ರ ಒಂದೇ. ಆ ತಪ್ಪುಗಳಿಗೆ ಬೆಲೆ ತೆರುವುದು ಬೆಕ್ಕು, ಕೆಲವೊಮ್ಮೆ ಪ್ರಾಣದಿಂದಲೇ.

ಮೊದಲು ತಿಳಿಯಬೇಕಾದದ್ದು ಬೆಕ್ಕು ಚಿಕ್ಕ ಗಾತ್ರದ ನಾಯಿಯಲ್ಲ ಎಂಬುದು. ನಾಯಿಯ ಪೂರ್ವಜನಾದ ತೋಳ ಹಿಂಡಿನಲ್ಲಿ ಬದುಕುವ ಪ್ರಾಣಿ. ಜೊತೆಯವರು ಎಲ್ಲಿದ್ದಾರೋ ಅದೇ ಅದರ ಮನೆ. ಬೆಕ್ಕಿನ ಪೂರ್ವಜ 'ಫೆಲಿಸ್ ಲಿಬಿಕಾ' ಎಂಬ ಕಾಡುಬೆಕ್ಕು, ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನೆಲಗಳಲ್ಲಿ ಒಂಟಿಯಾಗಿ ಬೇಟೆಯಾಡುವ ಜೀವಿ. ಈ ವಂಶಾವಳಿಯನ್ನು ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು ಡಿ.ಎನ್.ಎ. ಪರೀಕ್ಷೆಯಿಂದ ದೃಢಪಡಿಸಿ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯ ಧಾನ್ಯ ಬೆಳೆದು ಕೂಡಿಡಲು ಕಲಿತ. ಕಣಜಕ್ಕೆ ಇಲಿ ಬಂತು. ಇಲಿಯ ಹಿಂದೆ ಈ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯದಾದ ಒಂದು ಗೋರಿ ಸಿಕ್ಕಿದೆ. ಮನುಷ್ಯನ ಅಸ್ಥಿಯ ಪಕ್ಕದಲ್ಲೇ ಬೆಕ್ಕಿನ ಅಸ್ಥಿ! ಆ ದ್ವೀಪದ ಮೂಲನಿವಾಸಿಗಳಲ್ಲಿ ಬೆಕ್ಕು ಇರಲಿಲ್ಲವಾದ್ದರಿಂದ ಯಾರೋ ದೋಣಿಯಲ್ಲಿ ಕೊಂಡೊಯ್ದಿರಲೇಬೇಕು. ಹೊಸ ಮನೆಗೆ ಬೆಕ್ಕು ತರುವ ತಾಪತ್ರಯ ಅಷ್ಟು ಹಳೆಯದು.

ಒಂಟಿ ಬೇಟೆಗಾರನಿಗೆ ನಂಟು ಇರುವುದು ಮೊದಲು ಜಾಗದೊಡನೆ, ಆಮೇಲೆ ಜನರೊಡನೆ. ಎಲ್ಲಿ ಅಡಗಬಹುದು, ಎಲ್ಲಿಂದ ತಪ್ಪಿಸಿಕೊಳ್ಳಬಹುದು, ಯಾವ ಮೂಲೆಯಲ್ಲಿ ಇಲಿ ಬರುತ್ತದೆ ಎಂಬುದು ಗೊತ್ತಿದ್ದರೆ ಬದುಕು, ಗೊತ್ತಿಲ್ಲದಿದ್ದರೆ ಅಪಾಯ. ಬೇಡವಾದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬಂದರೂ ನಾಲ್ಕು ದಿನಕ್ಕೆ ಹಿತ್ತಿಲ ಬಾಗಿಲಲ್ಲಿ 'ಮ್ಯಾಂವ್' ಎಂದು ಪ್ರತ್ಯಕ್ಷವಾದ ಕತೆ ಊರೂರಲ್ಲೂ ಉಂಟು. ಹಳೆಯ ಬೆಕ್ಕನ್ನು ಮನೆಗೆ ಮರಳಿಸುವ ಆ ಸೆಳೆತವೇ ಹೊಸದಾಗಿ ತಂದ ಬೆಕ್ಕನ್ನು ಮನೆಯಿಂದ ಓಡಿಸುವುದು.

ಬೆಕ್ಕು ಜಾಗವನ್ನು ಗುರುತಿಸುವುದು ಕಣ್ಣಿನಿಂದ ಎಂದು ನಾವು ತಿಳಿಯುತ್ತೇವೆ. ಅದರ ಮನೆಯ ನಕ್ಷೆ ಬಹುಪಾಲು ಇರುವುದು ಮೂಗಿನಲ್ಲಿ. ಅದರ ಕೆನ್ನೆ, ಹಣೆ, ಗದ್ದ, ಬಾಲದ ಬುಡ, ಅಂಗಾಲು, ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಮೇಜಿನ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಅಡುಗೆ ಮಾಡುತ್ತಿರುವವರ ಸೀರೆಯ ಅಂಚಿಗೆ ಬೆಕ್ಕು ಕೆನ್ನೆ ತಿಕ್ಕುವುದು ಬರೀ ಮುದ್ದಿಗಲ್ಲ, 'ಇದು ನನ್ನ ಪರಿಚಯದ್ದು' ಎಂದು ರುಜು ಹಾಕುವುದಕ್ಕೆ. ಆ ರುಜುವಿನಲ್ಲಿರುವ ರಾಸಾಯನಿಕಗಳಿಗೆ ಫೆರೊಮೋನ್ ಎಂದು ಹೆಸರು. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಬೆಕ್ಕಿನ ಕೆನ್ನೆಯ ಫೆರೊಮೋನುಗಳನ್ನು 1990ರ ದಶಕದಲ್ಲಿ ಬೇರ್ಪಡಿಸಿ ತೋರಿಸಿದರು. ಬೆಕ್ಕಿನ ಅಂಗುಳಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್‌ಸನ್ನನ ಅಂಗ ಎಂಬ ಇನ್ನೊಂದು ಘ್ರಾಣಾಂಗಕ್ಕೆ ದಾರಿ. ಬೆಕ್ಕು ಏನನ್ನೋ ಮೂಸಿ, ಬಾಯಿ ಅರೆತೆರೆದು, ಮುಖ ಕಿವುಚಿಕೊಂಡು ನಿಂತದ್ದನ್ನು ನೋಡಿದ್ದೀರಲ್ಲವೆ? ಅಸಹ್ಯಪಟ್ಟು ಹಾಗೆ ನಿಂತದ್ದಲ್ಲ. ಆ ಅಂಗಕ್ಕೆ ವಾಸನೆ ಎಳೆದುಕೊಂಡು ಓದುತ್ತಿದೆ.

ಈಗ ಹೊಸ ಮನೆಯನ್ನು ಬೆಕ್ಕಿನ ಮೂಗಿನಿಂದ ನೋಡಿ. ಒಂದು ಮೂಲೆಯಲ್ಲೂ ಅದರ ರುಜು ಇಲ್ಲ. ಊದುಬತ್ತಿ, ಒಗ್ಗರಣೆ, ಸಾಬೂನು, ಹೊಸಬರ ಬೆವರು. ಸಾಲದ್ದಕ್ಕೆ 'ಬೆಕ್ಕು ಬರುತ್ತದೆ, ಶುಚಿಯಾಗಿರಲಿ' ಎಂದು ಅಂದೇ ನೆಲವನ್ನೆಲ್ಲ ಫಿನೈಲ್ ಹಾಕಿ ಒರೆಸಿರುತ್ತಾರೆ. ಅದು ಮಂಚದ ಕೆಳಗೆ ಅಡಗದೆ ಇನ್ನೇನು ಮಾಡೀತು?

ಆದ್ದರಿಂದ ಬೆಕ್ಕು ತರುವಾಗ ಅದು ಮಲಗುತ್ತಿದ್ದ ಬಟ್ಟೆಯ ತುಂಡನ್ನೂ ಕೇಳಿ ತರಬೇಕು. ಕೊಳಕಾಗಿದೆ ಎಂದು ಒಗೆಯಬಾರದು. ಹಳೆಯ ಮನೆಯ ವಾಸನೆ ಉಳಿದಿರುವುದು ಅದೊಂದರಲ್ಲೇ. ಬೆಕ್ಕು ಮುಟ್ಟಿಸಿಕೊಳ್ಳಲು ಒಪ್ಪಿದ ಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ಅದರ ಕೆನ್ನೆಯನ್ನು ನಯವಾಗಿ ಸವರಿ, ಆ ಬಟ್ಟೆಯನ್ನು ಕುರ್ಚಿ ಮೇಜುಗಳ ಕಾಲಿಗೆ, ಬೆಕ್ಕಿನ ಮುಖದ ಎತ್ತರಕ್ಕೆ, ತಿಕ್ಕುವುದುಂಟು. ಅದರ ರುಜುವನ್ನು ಅದರ ಪರವಾಗಿ ನಾವೇ ಹಾಕಿದಂತೆ! ನೋಡಿದವರಿಗೆ ನಗು ಬರಬಹುದು, ಆದರೆ ಖರ್ಚಿಲ್ಲದ ಉಪಾಯ.

ಇಡೀ ಮನೆಯನ್ನು ಒಮ್ಮೆಲೇ ಬಿಟ್ಟುಕೊಡುವುದು ಔದಾರ್ಯವಾಗಿ ಕಾಣುತ್ತದೆ. ಬೆಕ್ಕಿಗೆ ಅದು ಗಾಬರಿ. ಮೊದಲ ಕೆಲವು ದಿನ ಒಂದು ಸಣ್ಣ ಕೋಣೆ ಸಾಕು, ಜನ ಹೆಚ್ಚು ಓಡಾಡದ್ದು. ಬೀರುವಿನ ಹಿಂದಿನ ಸಂದಿ, ಅಟ್ಟಕ್ಕೆ ಹೋಗುವ ಕಿಂಡಿಗಳನ್ನು ಮೊದಲೇ ಮುಚ್ಚಿ. ಅಡಗಲು ಅಡ್ಡಮಲಗಿಸಿದ ಒಂದು ರಟ್ಟಿನ ಪೆಟ್ಟಿಗೆ ಇಡಿ. ಒಂದು ಮೂಲೆಯಲ್ಲಿ ಆಹಾರ, ನೀರು. ಎದುರು ಮೂಲೆಯಲ್ಲಿ ಮರಳಿನ ತಟ್ಟೆ. ಉಣ್ಣುವ ಜಾಗದ ಪಕ್ಕದಲ್ಲೇ ಶೌಚ ಮಾಡಲು ನೀವೂ ಒಪ್ಪುವುದಿಲ್ಲ.

ಆ ರಟ್ಟಿನ ಪೆಟ್ಟಿಗೆಯನ್ನು ಹಗುರವಾಗಿ ಕಾಣಬೇಡಿ. ನೆದರ್ಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುವ ಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ, ಎರಡು ವಾರ ಗಮನಿಸಿದರು. 2014ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಉದ್ವೇಗ ಮೂರು ನಾಲ್ಕು ದಿನಗಳಲ್ಲೇ ಸ್ಪಷ್ಟವಾಗಿ ಕಡಿಮೆಯಾಯಿತು. ಉಳಿದವು ಆ ಸ್ಥಿತಿಗೆ ಬರಲು ಹೆಚ್ಚು ದಿನ ಹಿಡಿಯಿತು. ಅಡಗಲು ಬಿಟ್ಟರೆ ಅಡಗಿಯೇ ಇದ್ದುಬಿಡುತ್ತದೆ ಎಂಬ ಭಯ ಸರಿಯಲ್ಲ ಎಂದಾಯಿತು. ತಪ್ಪಿಸಿಕೊಳ್ಳಲು ಜಾಗ ಇದೆ ಎಂದು ಖಾತ್ರಿಯಾದ ಪ್ರಾಣಿಗೆ ಹೊರಗೆ ಬರಲು ಧೈರ್ಯ ಬರುತ್ತದೆ. ಹಾಗಾಗಿ ಪೊರಕೆ ಬೇಡ, ಟಾರ್ಚೂ ಬೇಡ.

ಸದ್ದಿನ ವಿಷಯವೂ ಹೀಗೆಯೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಕೇಳಿಸಿಕೊಂಡರೆ ಬೆಕ್ಕಿನ ಕಿವಿ 60 ಸಾವಿರವನ್ನೂ ದಾಟುತ್ತದೆ. ಕುಕ್ಕರಿನ ಸೀಟಿ, ಮಿಕ್ಸಿಯ ಅರಚಾಟ, ಇವು ನಮಗೇ ಕರ್ಕಶ. ದೀಪಾವಳಿಯ ಹಿಂದಿನ ವಾರ ಬೆಕ್ಕು ತರಲು ಹೊರಟವರು ಹಬ್ಬ ಮುಗಿಯುವ ತನಕ ತಡೆದರೆ ಒಳ್ಳೆಯದು.

ಮಕ್ಕಳಿಗೆ ಮಾತ್ರ ಈ ಕಾಯುವಿಕೆ ಬಹಳ ಕಷ್ಟ. ಅವರಿಗೆ ಒಂದು ಕೆಲಸ ಕೊಡಬಹುದು. ಆ ಕೋಣೆಯ ನೆಲದ ಮೇಲೆ ಕುಳಿತು ಶಾಲೆಯ ಪಾಠವನ್ನು ಮೆಲುದನಿಯಲ್ಲಿ ಓದಲಿ. ಬೆಕ್ಕು ಇರುವ ಕಡೆ ನೋಡಬಾರದು, ಕೈ ಚಾಚಬಾರದು. ದಿಟ್ಟಿಸಿ ನೋಡುವುದೆಂದರೆ ಬೆಕ್ಕಿನ ಲೋಕದಲ್ಲಿ ಸವಾಲು. ಮನೆಗೆ ಬಂದ ನಾಲ್ವರು ನೆಂಟರಲ್ಲಿ ಬೆಕ್ಕನ್ನು ಕಂಡರಾಗದವರ ತೊಡೆಯನ್ನೇ ಅದು ಹುಡುಕಿಕೊಂಡು ಹೋಗುವುದು ಏಕೆ ಎಂಬುದಕ್ಕೂ ಇಲ್ಲಿ ಉತ್ತರವಿರಬಹುದು: ಅದನ್ನು ದಿಟ್ಟಿಸದೆ ಸುಮ್ಮನಿರುವವರು ಅವರೊಬ್ಬರೇ! ಅಕಸ್ಮಾತ್ ಕಣ್ಣಿಗೆ ಕಣ್ಣು ಸೇರಿದರೆ ನಿದ್ದೆ ಬಂದವರಂತೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ತಾವೂ ಹಾಗೆಯೇ ಉತ್ತರಿಸಿದವು. ಅಂಥವರು ಅಪರಿಚಿತರಾದರೂ ಹತ್ತಿರ ಬರಲು ಹೆಚ್ಚು ಒಪ್ಪಿದವು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಮೊದಲ ದಿನವೇ ಕುದಿಯುವ ಹಾಲಿಗೆ ಮೂತಿ ಇಟ್ಟು ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಕತೆ ಹಾಸ್ಯದ್ದಾದರೂ ಅದರೊಳಗಿನ ಮನಶ್ಶಾಸ್ತ್ರ ಸರಿಯಾಗಿದೆ. ಹೊಸ ಜಾಗದ ಮೊದಲ ಅನುಭವ ಆಳವಾಗಿ ನಾಟುತ್ತದೆ. ಮೊದಲ ದಿನ ಕಾಲು ಹಿಡಿದು ಹೊರಗೆಳೆದ ಕೈಯನ್ನು ಬೆಕ್ಕು ಬೇಗ ಮರೆಯುವುದಿಲ್ಲ. ಮರಿಯಾದರೆ ಕೆಲಸ ಸುಲಭ, ಅದರಲ್ಲೂ ಎಳೆಯದರಲ್ಲೇ ಮನುಷ್ಯರ ಕೈಯಲ್ಲಿ ಆಡಿದ ಮರಿ. ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯಸ್ಪರ್ಶ ಕಂಡ ಮರಿಗಳು ಜನರಿಗೆ ಬಹಳ ಬೇಗ ಒಗ್ಗುತ್ತವೆ ಎಂದು ಅಮೆರಿಕದ ಐಲೀನ್ ಕಾರ್ಷ್ 1980ರ ದಶಕದಲ್ಲೇ ತೋರಿಸಿದ್ದರು. ಬೀದಿಯಲ್ಲಿ ಬೆಳೆದ ದೊಡ್ಡ ಬೆಕ್ಕಿಗೆ ತಿಂಗಳುಗಳೇ ಬೇಕಾಗಬಹುದು. ಮೂರು ದಿನ ಗಾಬರಿ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಮನೆ ಎಂದು ಆಶ್ರಯಧಾಮಗಳವರು ಒಂದು ಲೆಕ್ಕ ಹೇಳುವುದುಂಟು. ಲೆಕ್ಕ ಚೆನ್ನಾಗಿದೆ, ಬೆಕ್ಕಿಗೆ ಅದು ತಿಳಿದಿರುವುದಿಲ್ಲ ಅಷ್ಟೆ.

ಅಡಗಿರಲಿ, ತೊಂದರೆಯಿಲ್ಲ. ಆದರೆ ತಿನ್ನದಿದ್ದರೆ ಸುಮ್ಮನಿರುವಂತಿಲ್ಲ. ಮೊದಲ ರಾತ್ರಿ ಉಪವಾಸ ಬಿದ್ದರೆ ಗಾಬರಿ ಬೇಡ. ಹಲವು ಬೆಕ್ಕುಗಳು ಮನೆಯವರೆಲ್ಲ ಮಲಗಿದ ಮೇಲೆ ಕದ್ದು ಬಂದು ತಿನ್ನುತ್ತವೆ. ಬೆಳಿಗ್ಗೆ ಬಟ್ಟಲು, ಮರಳು ಎರಡನ್ನೂ ನೋಡಿದರೆ ತಿಳಿಯುತ್ತದೆ. ಎರಡು ದಿನ ಕಳೆದರೂ ಏನೂ ಮುಟ್ಟದಿದ್ದರೆ ಪಶುವೈದ್ಯರ ಬಳಿಗೆ ಹೋಗಲೇಬೇಕು. ನಾಯಿ ನಾಲ್ಕು ದಿನ ಉಪವಾಸವಿದ್ದು ಚೇತರಿಸಿಕೊಂಡೀತು. ಬೆಕ್ಕಿನ ದೇಹದ ವ್ಯವಸ್ಥೆ ಬೇರೆ. ಆಹಾರ ನಿಂತಾಗ ಅದರ ಮೈಕೊಬ್ಬು ಕರಗಿ ಯಕೃತ್ತಿಗೆ ಹರಿದು ಬರುತ್ತದೆ. ಅಷ್ಟು ಕೊಬ್ಬನ್ನು ನಿಭಾಯಿಸಲಾರದೆ ಯಕೃತ್ತು ಕೆಡುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ತಡವಾದರೆ ಬೆಕ್ಕು ಉಳಿಯುವುದಿಲ್ಲ. ದಪ್ಪಗಿರುವ ಬೆಕ್ಕಿಗೇ ಈ ಅಪಾಯ ಹೆಚ್ಚು ಎಂಬುದು ವಿಚಿತ್ರವಾದರೂ ನಿಜ. 'ಕೊಬ್ಬಿದೆ, ಎರಡು ದಿನ ಉಪವಾಸವಿರಲಿ' ಎನ್ನುವವರು ಇದನ್ನು ನೆನಪಿಡಬೇಕು. ಹಳೆಯ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಡುವುದು, ತುಸು ಬೆಚ್ಚಗೆ ಮಾಡಿ ಕೊಡುವುದು ಇದಕ್ಕೆ ಸುಲಭದ ದಾರಿ. ಬೆಚ್ಚಗಾದರೆ ವಾಸನೆ ಏಳುತ್ತದೆ. ಬೆಕ್ಕಿಗೆ ಹಸಿವು ಹುಟ್ಟುವುದು ಮೂಗಿನಿಂದ.

ಹಾಲಿನ ವಿಷಯ ಬಂದಾಗ ಅಜ್ಜಿಯಂದಿರಿಗೆ ಬೇಸರವಾಗಬಹುದು. ತಾಯಿಹಾಲು ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾಗುತ್ತದೆ. ಗಾಬರಿಯಾದ ಹೊಸ ಬೆಕ್ಕಿಗೆ ಬಟ್ಟಲು ತುಂಬ ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ, ಬೈಗುಳ ಬೆಕ್ಕಿಗೆ ಬೀಳುತ್ತದೆ. ಕುಡಿಯಲು ನೀರೇ ಸರಿ.

ಇನ್ನೂ ಕಷ್ಟದ ಮಾತು ಸಸ್ಯಾಹಾರಿ ಮನೆಗಳದು. 'ನಮ್ಮ ಊರಿನ ಮನೆಯ ಬೆಕ್ಕು ಹತ್ತು ವರ್ಷ ಮೊಸರನ್ನ ತಿಂದೇ ಬದುಕಿತ್ತು' ಎಂದು ಹೇಳುವವರಿದ್ದಾರೆ. ಆ ಬೆಕ್ಕು ಮೊಸರನ್ನ ತಿಂದದ್ದು ನಿಜ. ರಾತ್ರಿ ಕೊಟ್ಟಿಗೆಯಲ್ಲಿ, ಅಟ್ಟದ ಮೇಲೆ, ತೋಟದಲ್ಲಿ ಅದು ತಿಂದ ಇಲಿ, ಓತಿಕ್ಯಾತ, ಮಿಡತೆಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ ಅಷ್ಟೆ. ಮೂರನೆಯ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಆ ಅನುಕೂಲವಿಲ್ಲ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ವಸ್ತು ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳಲು ಅದಕ್ಕೆ ಬಾರದು. ಅದು ಸಿಗುವುದು ಮಾಂಸ ಮೀನುಗಳಲ್ಲಿ. ಟಾರಿನ್ ಕಡಿಮೆಯಾದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ಸಂಬಂಧವನ್ನು ಕ್ಯಾಲಿಫೋರ್ನಿಯದ ಪಶುವೈದ್ಯರು 1987ರಲ್ಲಿ ಪತ್ತೆ ಹಚ್ಚಿದ ಮೇಲೆ ತಯಾರಕರು ಬೆಕ್ಕಿನ ಆಹಾರಕ್ಕೆ ಹೆಚ್ಚು ಟಾರಿನ್ ಸೇರಿಸತೊಡಗಿದರು. ಕ್ಯಾರೆಟ್ಟಿನ ಬಣ್ಣವಸ್ತುವನ್ನು 'ಎ' ವಿಟಮಿನ್ ಆಗಿ ಬದಲಿಸಲೂ ಬೆಕ್ಕಿಗೆ ಬಾರದು. ಸಿಹಿಯನ್ನು ಗುರುತಿಸುವ ವಂಶವಾಹಿಯೊಂದು ಕೆಟ್ಟಿರುವುದರಿಂದ ಅದಕ್ಕೆ ಸಕ್ಕರೆಯ ರುಚಿಯೇ ತಿಳಿಯದು ಎಂಬುದು 2005ರಲ್ಲಿ ಗೊತ್ತಾಯಿತು. ಪಾಯಸದ ಪಾತ್ರೆಗೆ ಬಾಯಿ ಹಾಕಿದ್ದರೆ ಅದು ಹಾಲು ತುಪ್ಪದ ಆಸೆಗೇ ಇರಬೇಕು. ಮನೆಯಲ್ಲಿ ಮೀನು ಬೇಯಿಸದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರ ತರಬಹುದು. ಅದನ್ನೂ ಹೊಸ್ತಿಲೊಳಗೆ ತರಲಾಗದು ಎನ್ನುವ ಮನೆಯವರು ಬೆಕ್ಕನ್ನು ತರದಿರುವುದೇ ಅದಕ್ಕೆ ಮಾಡುವ ಉಪಕಾರ.

ಮನೆಯೊಳಗಿನ ವಿಷಗಳು ಇನ್ನೊಂದು ಅಧ್ಯಾಯ. ಬೆಕ್ಕಿನ ಮೈ ಬಿಸಿಯಾಗಿದೆ ಎಂದು ಯಾರೋ ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯನ್ನು ಪುಡಿ ಮಾಡಿ ಕೊಡುತ್ತಾರೆ. ಮಕ್ಕಳಿಗೂ ಕೊಡುವ ಔಷಧ ತಾನೆ? ಆದರೆ ಅದನ್ನು ನಿರ್ವಿಷಗೊಳಿಸುವ ಮುಖ್ಯ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಫಿನೈಲಿನ ಬಗೆಗೂ ಇದೇ ಎಚ್ಚರ ಬೇಕು. ಒರೆಸಿದ ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕುಳಿತು ಅಂಗಾಲು ನೆಕ್ಕಿಕೊಳ್ಳುತ್ತದೆ. ಟ್ರಂಕಿನ ಬಟ್ಟೆಗಳ ನಡುವಿನ ನುಸಿಗುಳಿಗೆ, ಮೂಲೆಯ ಇಲಿಪಾಷಾಣ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರನ್ನ, ಎಲ್ಲವೂ ಅದಕ್ಕೆ ಕೆಟ್ಟವೇ.

ಮರಳಿನ ತಟ್ಟೆಗೆ ಹೆಚ್ಚು ಹೇಳಬೇಕಾಗಿಲ್ಲ. ಒಣನೆಲದ ಪ್ರಾಣಿಗೆ ಕೆದರಿ ಮುಚ್ಚುವುದನ್ನು ಕಲಿಸಬೇಕಿಲ್ಲ, ಜಾಗ ತೋರಿಸಿದರೆ ಸಾಕು. ದಿನವೂ ಶುಚಿ ಮಾಡಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕನ್ನು ಹೊರಗೆ ಹಾಕಬೇಕೆಂದು ಹಿರಿಯರು ಹೇಳುವುದುಂಟು. ಅವರ ಭಯಕ್ಕೆ ಆಧಾರವಿದೆ. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಇರಬಹುದು. ಆದರೆ ಮಲ ಹೊರಬಿದ್ದ ಮೇಲೆ ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನವಾದರೂ ಬೇಕು. ಪ್ರತಿದಿನ ಮರಳು ತೆಗೆದು, ಆ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಬೆಕ್ಕು ಮನೆಯಲ್ಲೇ ಇರಬಹುದು.

ಮೊದಲ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿನಲ್ಲಿ. ಹುಚ್ಚುನಾಯಿ ಎಂಬ ಮಾತಿನಿಂದಾಗಿ ಆ ರೋಗ ನಾಯಿಯದು ಮಾತ್ರ ಎಂದು ಜನ ತಿಳಿದಿದ್ದಾರೆ, ಬೆಕ್ಕಿನಿಂದಲೂ ಬರುತ್ತದೆ. ಗಾಬರಿಯಲ್ಲಿ ಬೆಕ್ಕು ಮಗುವನ್ನು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಹಚ್ಚುವುದು ಬೇಡ. ಐದು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮುಂದಿನ ಎಷ್ಟೋ ಸಂಕಟ ತಪ್ಪುತ್ತದೆ. ಬೆಕ್ಕಿನ ಗರ್ಭಾವಧಿ ಎರಡೇ ತಿಂಗಳು.

ಇನ್ನು 'ಎಲ್ಲಾದರೂ ಬಿಟ್ಟು ಬರೋಣ' ಎಂಬ ಯಜಮಾನರ ತೀರ್ಪು. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ! ದಂಡಕ್ಕೆ ಹೆದರಿ ಯಾರೂ ಬೆಕ್ಕು ಸಾಕಲಾರರು, ಸರಿ. ಆದರೆ ಮೂರನೆಯ ದಿನ ಸೋತೆವೆಂದು ಕೈಚೆಲ್ಲಿದವರು ನಾಲ್ಕನೆಯ ರಾತ್ರಿಯವರೆಗೆ ಕಾದಿದ್ದರೆ, ದೀಪ ಆರಿಸಿದ ಮೇಲೆ ಕೋಣೆಯೊಳಗೆ ಮೆತ್ತನೆಯ ಹೆಜ್ಜೆಯ ಸದ್ದು ಕೇಳುತ್ತಿತ್ತೋ ಏನೋ.

ಕೋಣೆಯಲ್ಲಿ ಬಾಲ ನೆಟ್ಟಗೆ ಎತ್ತಿ ಓಡಾಡತೊಡಗಿದಾಗ ಉಳಿದ ಕೋಣೆಗಳ ಬಾಗಿಲನ್ನು ಒಂದೊಂದಾಗಿ ತೆರೆಯಬಹುದು. ಮನೆಯಲ್ಲಿ ಮೊದಲೇ ಬೆಕ್ಕೋ ನಾಯಿಯೋ ಇದ್ದರೆ ಕೆಲವು ದಿನ ಮುಚ್ಚಿದ ಬಾಗಿಲಿನ ಎರಡು ಕಡೆ ಇದ್ದು ಒಂದರ ವಾಸನೆ ಇನ್ನೊಂದಕ್ಕೆ ಸಿಗಲಿ, ಮುಖಾಮುಖಿ ಆಮೇಲೆ. ಮಹಡಿಯ ಮನೆಯಾದರೆ ಕಿಟಕಿ, ಬಾಲ್ಕನಿಗಳಿಗೆ ಜಾಲರಿ ಬೇಕೇ ಬೇಕು. ಬೆಕ್ಕು ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎಂಬುದು ಅರ್ಧ ಸತ್ಯ. ನಿಂತ ಕಾಲು ಮುರಿಯಲಾರದೆಂದು ಯಾರೂ ಹೇಳಿಲ್ಲ.

ಎಷ್ಟು ಎಚ್ಚರವಿದ್ದರೂ ಹಾಲಿನವನಿಗೆ ಬಾಗಿಲು ತೆಗೆದ ಒಂದು ಕ್ಷಣದಲ್ಲಿ ಹೊಸ ಬೆಕ್ಕು ತಪ್ಪಿಸಿಕೊಳ್ಳಬಹುದು. ಆಗ ಸ್ಕೂಟರ್ ಹತ್ತಿ ಊರೆಲ್ಲ ಸುತ್ತಿ ಫಲವಿಲ್ಲ. ಕಳೆದುಹೋಗಿದ್ದ 1,210 ಬೆಕ್ಕುಗಳ ವಿವರ ಕಲೆಹಾಕಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಂತೆ ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಸಿಕ್ಕದ್ದು 500 ಮೀಟರಿನ ಒಳಗೆ. ಹೆದರಿದ ಬೆಕ್ಕು ಓಡುವುದಕ್ಕಿಂತ ಅವಿತುಕೊಳ್ಳುವುದೇ ಹೆಚ್ಚು, ಕರೆದರೆ ಓಗೊಡುವುದೂ ಇಲ್ಲ. ಮೆಟ್ಟಿಲ ಕೆಳಗೆ, ನಿಂತ ಕಾರಿನ ಅಡಿ, ಪಕ್ಕದ ಮನೆಯ ಸೌದೆ ರಾಶಿ, ಬಾಗಿಲು ಹಾಕಿದ ಗೋದಾಮು, ಇಲ್ಲೆಲ್ಲ ಊರು ಮಲಗಿದ ಮೇಲೆ ಟಾರ್ಚ್ ಹಿಡಿದು ಹುಡುಕಬೇಕು. ಈಗ ಟಾರ್ಚ್ ಬೇಕು! ಬೆಕ್ಕಿನ ಕಣ್ಣಿನ ಹಿಂಬದಿಯ ಕನ್ನಡಿಯಂಥ ಪದರ ಬೆಳಕನ್ನು ಹಿಂದಿರುಗಿಸುವುದರಿಂದ ಕತ್ತಲಲ್ಲಿ ಎರಡು ಹಸಿರು ಕಿಡಿ ಕಾಣುತ್ತವೆ. ಹಳೆಯ ಮನೆಯವರಿಗೂ ಒಂದು ಮಾತು ತಿಳಿಸಿರಬೇಕು, ದಾರಿ ಹಿಡಿದು ಅಲ್ಲಿಗೇ ಹೋಗಿರಬಹುದು.

ಅಂಗಳ ಹಿತ್ತಿಲಿರುವ ಮನೆಯವರು ಬೆಕ್ಕನ್ನು ತಾವಾಗಿಯೇ ಹೊರಗೆ ಬಿಡುವುದಾದರೆ ಕನಿಷ್ಠ ಮೂರು ನಾಲ್ಕು ವಾರ ಕಳೆಯಲಿ, ಲಸಿಕೆ ಶಸ್ತ್ರಚಿಕಿತ್ಸೆ ಮುಗಿದಿರಲಿ, ಬಾವಿಗೆ ಬಲೆ ಹಾಕಿರಲಿ. ಬಿಡುವುದು ಊಟಕ್ಕೆ ಮೊದಲು, ಹೊಟ್ಟೆ ಹಸಿದಿರುವಾಗ. ಹಿತ್ತಿಲ ಬಾಗಿಲು ತೆರೆದೇ ಇರಬೇಕು. ಮೊದಲ ದಿನ ಹತ್ತು ನಿಮಿಷ ಸಾಕು. ಆಮೇಲೆ ಒಳಗಿನಿಂದ ತಟ್ಟೆಯ ಸದ್ದು ಮಾಡಿ, ದಿನವೂ ಊಟಕ್ಕೆ ಕರೆಯುವ ದನಿಯಲ್ಲೇ ಹೆಸರು ಹಿಡಿದು ಕರೆಯಿರಿ.